ಆ ಸೀರೀಸ್‌ನಲ್ಲಿ ಪ್ರೀತಿ ಜಾಸ್ತಿ ಆಗಿಲ್ಲ, ರಿಫ್ ಜನ ಕಮ್ಮಿ ಆಗಿದ್ದಾರೆ

ಮಾನ್ಯ ಸಂಪಾದಕರೇ,

‘ಟಿಯೆಂಪೋಸ್ ದೆ ಗೆರ್ರಾ’ ಅನ್ನೋ ಸ್ಪ್ಯಾನಿಷ್ ಸೀರೀಸ್ ನೋಡಿದ ಸುಮಾರು ಜನರದ್ದು ಒಂದೇ ದೂರು, ಯುದ್ಧದ ಕತೆ ಅಂತ ಕೂತ್ರೆ ಬರೀ ಲವ್ ಸ್ಟೋರಿ, ರಕ್ತ ಒರೆಸೋ ಹೊತ್ತಲ್ಲೂ ನರ್ಸ್‌ಗಳ ಮೇಕಪ್ ಕೆಡಲ್ಲ ಅಂತ. ಮೇಕಪ್ ವಿಷ್ಯ ಒಪ್ಕೋತೀನಿ, ಅಲ್ಲಿ ವಾದ ಇಲ್ಲ. ಆದ್ರೆ ಪ್ರೀತಿ ಜಾಸ್ತಿ ಆಯ್ತು ಅನ್ನೋದನ್ನ ನಾನು ಒಪ್ಪಲ್ಲ.

2017ರಲ್ಲಿ ಸ್ಪೇನ್‌ನ ಆಂತೇನಾ 3 ಚಾನೆಲ್‌ನಲ್ಲಿ ಬಂದು ಆಮೇಲೆ ನೆಟ್‌ಫ್ಲಿಕ್ಸ್‌ಗೆ ಬಂದ 13 ಎಪಿಸೋಡಿನ ಕತೆ ಇದು. ನಡೆಯೋದು 1921ರಲ್ಲಿ, ಆಫ್ರಿಕಾದ ದಂಡೆಲಿರೋ ಸ್ಪೇನ್‌ನ ಊರು ಮೆಲಿಯಾದಲ್ಲಿ. ಆ ವರ್ಷ ಜುಲೈನಲ್ಲಿ ಆನ್ವಾಲ್ ಅನ್ನೋ ಕಡೆ ಸ್ಪೇನ್ ಸೈನ್ಯ ಮೊರಾಕ್ಕೋದ ರಿಫ್ ಬೆಟ್ಟದ ಜನರ ಕೈಲಿ ಸೋತು ದಿಕ್ಕಾಪಾಲಾಗಿ ಓಡ್ತು, ಸಾವಿರಾರು ಜನ ಸತ್ರು. ಗಾಯಾಳುಗಳನ್ನ ನೋಡ್ಕೊಳ್ಳೋಕೆ ರಾಣಿ ವಿಕ್ಟೋರಿಯಾ ಯುಜೀನಿಯಾ ರೆಡ್‌ಕ್ರಾಸ್ ನರ್ಸ್‌ಗಳನ್ನ ಕಳಿಸಿದ್ರು, ಮುಂದಾಳು ಡಚೆಸ್ ಕಾರ್ಮೆನ್ ಆಂಗೊಲೊಟಿ, ಇದು ನಿಜವಾಗ್ಲೂ ನಡೆದಿದ್ದು. ಅಲಿಸಿಯಾ ಬೊರ್ರಾಚೆರೋ ಆ ಡಚೆಸ್ ಪಾತ್ರನ ಎಷ್ಟು ಗಟ್ಟಿಯಾಗಿ ಮಾಡಿದ್ದಾರೆ ಅಂದ್ರೆ ಅವ್ರು ವಾರ್ಡಿಗೆ ಕಾಲಿಟ್ರೆ ನೋಡ್ತಿರೋ ನಾವೂ ನೆಟ್ಟಗೆ ಕೂರ್ತೀವಿ.

ಕತೆಯ ನಾಯಕಿ ಹುಲಿಯಾ ಅಲ್ಲಿಗೆ ಹೋಗೋದು ಒಡಹುಟ್ಟಿದವನನ್ನೂ ಮದುವೆ ಗೊತ್ತಾಗಿರೋ ಹುಡುಗನನ್ನೂ ಹುಡುಕ್ಕೊಂಡು, ಅಲ್ಲಿ ಡಾಕ್ಟರ್ ಫಿದೆಲ್ ಮೇಲೆ ಮನಸ್ಸಾಗುತ್ತೆ. ಇದನ್ನ ಟೈಂಪಾಸ್ ಅಂತ ತಳ್ಳಿಹಾಕೋರು ಒಂದು ಯೋಚನೆ ಮಾಡ್ಬೇಕು, ಆ ಕಾಲದ ಶ್ರೀಮಂತರ ಮನೆ ಹುಡುಗಿಗೆ ಗಂಡು ನೋಡೋದು, ದಿನ ಗೊತ್ತು ಮಾಡೋದು ಎಲ್ಲಾ ಮನೆಯವ್ರೇ, ಗುರುತಿಲ್ಲದ ಗಂಡಸಿನ ಕೈ ಹಿಡಿಯೋದೇ ದೊಡ್ಡ ವಿಷ್ಯ, ಅಂಥವಳು ಇಲ್ಲಿ ಸಾಯ್ತಿರೋ ಸೈನಿಕನ ಬಟ್ಟೆ ಕತ್ತರಿಸಿ ಗಾಯ ತೊಳೀತಾಳೆ. ಅವಳು ಯಾರನ್ನ ಪ್ರೀತಿಸ್ಬೇಕು ಅನ್ನೋ ಪ್ರಶ್ನೆ ಹುಟ್ಟೋದೇ ಆ ವಾರ್ಡಿನಲ್ಲಿ, ಪ್ರೀತಿನ ತೆಗೆದ್ರೆ ಅವಳಿಗೆ ಯುದ್ಧ ಏನು ಮಾಡ್ತು ಅನ್ನೋದೇ ಗೊತ್ತಾಗಲ್ಲ. ಸೈನಿಕರ ಕತೆನೂ ಹಾಗೇ. ಕಡ್ಡಾಯ ಸೈನ್ಯ ಸೇವೆಯ 1912ರ ಕಾನೂನಿನಲ್ಲಿ 2,000 ಪೆಸೇಟಾ (ಆಗಿನ ಸ್ಪೇನ್ ದುಡ್ಡು) ಕಟ್ಟಿದ ಮನೆ ಮಗ ಐದೇ ತಿಂಗಳಿಗೆ ಸೈನ್ಯದಿಂದ ವಾಪಸ್, ಕಟ್ಟೋಕಾಗದವನು ಮೂರು ವರ್ಷ. ಆನ್ವಾಲ್ ಆದ್ಮೇಲೆ ದುಡ್ಡು ಕಟ್ಟಿದವ್ರನ್ನೂ ಆಫ್ರಿಕಾಕ್ಕೆ ಕಳಿಸಿದ್ರು, ದೊಡ್ಡ ಮನೆಗಳಿಗೂ ಬಿಸಿ ತಟ್ಟಿದ್ದು ಆಗ.

ನನ್ನ ದೂರು ಬೇರೆ ಇದೆ. ಆ ನೆಲ ಯಾರದ್ದು? ರಿಫ್ ಬೆಟ್ಟದ ಬರ್ಬರ್ ಅನ್ನೋ ಮೂಲನಿವಾಸಿ ಜನರದ್ದು. ಅವ್ರ ಕಡೆಯಿಂದ ನಮ್ಮ ಮನಸ್ಸಲ್ಲಿ ಉಳಿಯೋ ಮುಖ ಅಂದ್ರೆ ಲಾರ್ಬಿ ಒಬ್ಬನೇ, ಅವನೂ ನರ್ಸ್ ಮಗ್ದಲೇನಾಳನ್ನ ಪ್ರೀತಿಸ್ತಾನೆ ಅನ್ನೋ ಕಾರಣಕ್ಕೆ. ನನಗಂತೂ ಇಡೀ ಸೀರೀಸ್‌ನಲ್ಲಿ ಅತಿ ಇಷ್ಟ ಆದ ಜೋಡಿ ಇವ್ರೇ, ಹುಲಿಯಾ ಫಿದೆಲ್‌ಗಿಂತ ಜಾಸ್ತಿ, ಯಾಕಂದ್ರೆ ಇವ್ರು ಮಾತಾಡಿದಾಗೆಲ್ಲಾ ಎರಡು ಕಡೆಯವ್ರೂ ನೆನಪಾಗ್ತಾರೆ. ಆದ್ರೆ ಲಾರ್ಬಿ ಊರಿನ ಅಮ್ಮಂದಿರು, ಅವ್ರ ಗಾಯಾಳುಗಳು ಎಲ್ಲಿ? ಅವ್ರಿಗೆ ಯಾರು ಬ್ಯಾಂಡೇಜ್ ಕಟ್ಟಿದ್ರು?

ಕತೆ ಇರ್ಲಿಲ್ಲ ಅಂತಲ್ಲ. ರಿಫ್ ಜನರ ನಾಯಕ ಅಬ್ದ್ ಎಲ್ ಕ್ರಿಮ್ ಇದೇ ಮೆಲಿಯಾದಲ್ಲಿ ಸ್ಪೇನ್‌ನವ್ರ ಕೆಳಗೆ ಕೆಲ್ಸ ಮಾಡಿದವನು, ಅಲ್ಲಿನ ‘ಎಲ್ ತೆಲೆಗ್ರಾಮಾ ದೆಲ್ ರಿಫ್’ ಪತ್ರಿಕೆಗೆ ಅರೇಬಿಕ್‌ನಲ್ಲಿ ಬರೀತಿದ್ದ, ಆಮೇಲೆ ನ್ಯಾಯಾಧೀಶ, ಆಮೇಲೆ ಅವ್ರೇ ಜೈಲಿಗೆ ಹಾಕಿದ್ರು, ತಪ್ಪಿಸ್ಕೊಳ್ಳೋಕೆ ಹೋಗಿ ಕಾಲು ಮುರ್ಕೊಂಡ. ಆ ಊರಿನ ಬೀದಿ ಬೀದಿ ಗೊತ್ತಿದ್ದವನು ಬೆಟ್ಟಕ್ಕೆ ಹೋಗಿ ಅದೇ ಸೈನ್ಯನ ಮುರಿದ. ಇದಕ್ಕಿಂತ ಡ್ರಾಮಾ ಬೇಕಾ! ಮುಂದಿನ ವರ್ಷಗಳಲ್ಲಿ ಸ್ಪೇನ್ ರಿಫ್ ಜನರ ಮೇಲೆ ವಿಮಾನದಿಂದ ಮಸ್ಟರ್ಡ್ ಗ್ಯಾಸ್ ಅನ್ನೋ ವಿಷಾನಿಲದ ಬಾಂಬ್ ಹಾಕ್ತು, ಅದು ತಿಳ್ಕೊಂಡ್ಮೇಲೆ ಆ ಬಿಳಿ ಯೂನಿಫಾರ್ಮ್‌ಗಳನ್ನ ನಾನು ಮೊದಲಿನ ಥರ ನೋಡೋಕಾಗಲ್ಲ.

ಆದ್ರೂ ಸೀರೀಸ್ ನೋಡ್ಬೇಡಿ ಅಂತ ಹೇಳಲ್ಲ, ಖಂಡಿತ ನೋಡಿ. ನಿಮ್ಮ ಸಿನಿಮಾ ಪುಟದಲ್ಲಿ ಇಂಥ ವಿದೇಶಿ ಸೀರೀಸ್ ಬಗ್ಗೆ ಬರೆಯುವಾಗ ಹೀರೋ ಹೀರೋಯಿನ್, ಕಾಸ್ಟ್ಯೂಮ್ ಜೊತೆಗೆ ಎದುರು ಕಡೆ ಯಾರಿದ್ರು, ಅವ್ರಿಗೆ ಏನಾಯ್ತು ಅಂತ ನಾಲ್ಕು ಸಾಲು ಹಾಕ್ಸಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು