ಯಾರಿಗೂ ಬೇಡದಿದ್ದರೂ ಆಗಿಬಿಟ್ಟರೆ?

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಪತ್ರ ಮೂರು ಸಲ ಓದಿದೆ. ಕಾಲೇಜು, ಚಳಿ, ಅಡುಗೆ ಎಲ್ಲ ಸರಿ. ಕೊನೆಗೊಂದು ಸಾಲು ಬರೆದಿದ್ದೀಯಲ್ಲ, "ಯಾರಿಗೂ ಬೇಡದಿದ್ದರೂ ಅಣುಯುದ್ಧ ಆಗಿಬಿಡಬಹುದಾ ದೊಡ್ಡಪ್ಪ? ರಾತ್ರಿಯೆಲ್ಲ ಅದೇ ಯೋಚನೆ" ಅಂತ. ಅದನ್ನು ಓದಿದ ಮೇಲೆ ನನಗೂ ನಿದ್ದೆ ಹತ್ತಿಲ್ಲ.

"ಹಾಗೆಲ್ಲ ಆಗಲ್ಲ ಮಗಳೇ" ಅಂತ ಬರೆದು ಮುಗಿಸಬಹುದಿತ್ತು. ಒಮ್ಮೆ ಹಾಗೆ ಮಾಡಿ ಇವತ್ತಿಗೂ ಕೊರಗುತ್ತಿದ್ದೇನೆ. 1983ರ ಡಿಸೆಂಬರ್. ಹತ್ತನೇ ತರಗತಿಗೆ ಶೀತಲ ಸಮರದ ಪಾಠ. ಬಂಡವಾಳಶಾಹಿ, ಸಮತಾವಾದ, ಬರ್ಲಿನ್, ಕೊರಿಯಾ, ಕ್ಯೂಬಾ ಅಂತ ಕಾರಣಗಳನ್ನು ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿನ್ನ ಪ್ರಶ್ನೆಯನ್ನೇ ಕೇಳಿದ. "ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದೆ. ಅವನು ಕೂತ. ಮತ್ತೆ ಆ ವರ್ಷ ಏನನ್ನೂ ಕೇಳಲಿಲ್ಲ.

ಅವನು ಕೇಳುವುದಕ್ಕೆ ಮೂರು ತಿಂಗಳ ಮುಂಚೆ ಅದು ಆಗುವುದರಲ್ಲಿತ್ತು. ನಮಗ್ಯಾರಿಗೂ ಗೊತ್ತಿರಲಿಲ್ಲ. ಸೆಪ್ಟೆಂಬರ್ 26ರ ನಡುರಾತ್ರಿ, ಮಾಸ್ಕೋ ಹತ್ತಿರದ ಕಾವಲು ಕೇಂದ್ರದಲ್ಲಿ ಅಮೆರಿಕದಿಂದ ಕ್ಷಿಪಣಿಗಳು ಹೊರಟಿವೆ ಅಂತ ಯಂತ್ರ ಕೂಗಿತು. ಮೊದಲು ಒಂದು, ಆಮೇಲೆ ಒಟ್ಟು ಐದು. ಡ್ಯೂಟಿಯಲ್ಲಿದ್ದವರು ಸೋವಿಯತ್ ಸೇನಾಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್. ಯುದ್ಧ ಹೂಡುವವರು ಬರೀ ಐದು ಬಿಡುತ್ತಾರಾ ಅಂತ ಯೋಚಿಸಿದರು. ಸುಳ್ಳು ಎಚ್ಚರಿಕೆ ಅಂತಲೇ ಮೇಲಿನವರಿಗೆ ತಿಳಿಸಿದರು. ಮೋಡದ ಮೇಲೆ ಹೊಳೆದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತಂತೆ.

ಹಾಗಾಗಿ ನಿನ್ನ ಭಯ ಸುಳ್ಳು ಅಂತ ಹೇಳಲಾರೆ, ಪುಟ್ಟಿ. ಆಗಿಬಿಡಬಹುದು.

ಆದರೆ ಯಂತ್ರ ಒಂದೇ ಕಾರಣ ಅಲ್ಲ. ಆ ವರ್ಷ ಎರಡೂ ಕಡೆಯವರು ಬೆದರಿ ಕೂತಿದ್ದರು. ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಕ್ಷಿಪಣಿಗಳನ್ನು ತಡೆಯುವ ಗುರಾಣಿ ಕಟ್ಟುತ್ತೇವೆ ಅಂದರು. ಅವರಿಗೆ ಅದು ರಕ್ಷಣೆ. ಮಾಸ್ಕೋಗೆ ಅದು ಬೇರೆಯೇ ಥರ ಕೇಳಿಸಿತು. ಗುರಾಣಿ ಇದ್ದವನು ನಾಳೆ ಧೈರ್ಯವಾಗಿ ಹೊಡೆಯಬಹುದಲ್ಲ! ಸೋವಿಯತ್‌ನವರು ಯುರೋಪಿನತ್ತ ಎಸ್‌ಎಸ್-20 ಕ್ಷಿಪಣಿಗಳನ್ನು ನಿಲ್ಲಿಸಿದ್ದರು. ಅದಕ್ಕೆ ಉತ್ತರ ಅಂತ ಅಮೆರಿಕ ಪಶ್ಚಿಮ ಜರ್ಮನಿಗೆ ಪರ್ಶಿಂಗ್ ಕ್ಷಿಪಣಿಗಳನ್ನು ತಂದಿತು. ನೀನಿರುವ ಸ್ಟಟ್‌ಗಾರ್ಟ್‌ಗೆ ದೂರವಲ್ಲದ ಮುಟ್ಲಾಂಗನ್‌ನಲ್ಲೇ ಇಟ್ಟಿದ್ದರು. ಕೆಲವೇ ನಿಮಿಷಗಳಲ್ಲಿ ಸೋವಿಯತ್ ನೆಲ ತಲುಪುವಂಥವು. ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಬಂದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿತು. 269 ಜನ ಹೋದರು. ಭಯ ಜಾಸ್ತಿಯಾದಷ್ಟೂ ಯೋಚಿಸುವ ಹೊತ್ತು ಕಡಿಮೆಯಾಗುತ್ತಾ ಹೋಗಿತ್ತು. ನಾನು ಬರೆಸಿದ ಕಾರಣಗಳಲ್ಲಿ ಇದು ಇರಲೇ ಇಲ್ಲ.

1962ರಲ್ಲೂ ಇದೇ. ಸೋವಿಯತ್‌ನವರು ಕ್ಷಿಪಣಿ ಇಟ್ಟರು ಅಂತ ಕ್ಯೂಬಾ ಕ್ಯೂಬಾ ಅಂತೇವೆ. ಅದಕ್ಕೆ ಮುಂಚೆ ಟರ್ಕಿಯಲ್ಲಿ ಅಮೆರಿಕದ ಕ್ಷಿಪಣಿಗಳಿದ್ದವು. ಆಗ ಸೋವಿಯತ್ ನಾಯಕ ಕ್ರುಶ್ಚೇವ್ ಕಳಿಸಿದ ಪತ್ರ ಅಮೆರಿಕದ ಅಧ್ಯಕ್ಷ ಕೆನಡಿ ಕೈಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಮರುವರ್ಷ ಇಬ್ಬರ ನಡುವೆ ನೇರ ತಂತಿ ಎಳೆದರು.

ತಂತಿ ಅಂದಾಗ ನಿನ್ನಪ್ಪ ನೆನಪಾಗುತ್ತಾನೆ. ತೋಟದ ಬೇಲಿಗಾಗಿ ನಾವಿಬ್ಬರೂ ಒಂಬತ್ತು ವರ್ಷ ಮುನಿಸಿಕೊಂಡ ಕಥೆ ನಿನಗೆ ಗೊತ್ತು, ಬಿಡು. ಯಾರಿಗೂ ಹೇಳದ ಒಂದು ಮಾತಿದೆ. ಆ ಒಂಬತ್ತು ವರ್ಷವೂ ಅವನು ನನ್ನ ತೋಟ ಒತ್ತುವರಿ ಮಾಡಲು ಹೊಂಚುತ್ತಿದ್ದಾನೆ ಅಂತಲೇ ನಂಬಿದ್ದೆ. ಅವನಿಗೂ ನನ್ನ ಮೇಲೆ ಅದೇ ಗುಮಾನಿ ಇತ್ತು ಅಂತ ಗೊತ್ತಾದದ್ದು ಅಮ್ಮ ಹೋದ ದಿನ. ನಾನು ಹಿರಿಯ. ನಾನೇ ಕರೆದು ಕೇಳಬೇಕಿತ್ತು.

ಎಲ್ಲೋ ಹೋದೆ. ಅದೇ ರೇಗನ್ 1987ರಲ್ಲಿ ಸೋವಿಯತ್ ನಾಯಕ ಗೋರ್ಬಚೇವ್ ಜೊತೆ ಕೂತು ಇಂಥ ಕ್ಷಿಪಣಿಗಳನ್ನು ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ಮುಟ್ಲಾಂಗನ್‌ನ ಕ್ಷಿಪಣಿಗಳು ಹೋದವು, ಎಸ್‌ಎಸ್-20ಗಳೂ ಹೋದವು. ಈ ಸುದ್ದಿ ಹೇಳಿ ನಿನ್ನನ್ನು ಮಲಗಿಸೋಣ ಅಂದುಕೊಂಡೆ. ಆದರೆ 2019ರಲ್ಲಿ ರಷ್ಯಾ ಮಾತು ಮುರಿಯಿತು ಅಂತ ಹೇಳಿ ಅಮೆರಿಕ ಆ ಒಪ್ಪಂದದಿಂದ ಹೊರಬಂತು. 2023ರಲ್ಲಿ ರಷ್ಯಾ, ಇಬ್ಬರ ಅಣ್ವಸ್ತ್ರಗಳಿಗೂ ಮಿತಿ ಹಾಕಿದ್ದ ಇನ್ನೊಂದು ಒಪ್ಪಂದವನ್ನು ತಡೆಹಿಡಿಯಿತು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಎಣಿಸಿ ನೋಡುವುದು 2020ರಲ್ಲಿ ಕೋವಿಡ್‌ನಿಂದಾಗಿ ನಿಂತಿದ್ದು ಮತ್ತೆ ಶುರುವಾಗಲೇ ಇಲ್ಲ. ನನಗೆ ಬಾಂಬಿಗಿಂತ ಇದೇ ಹೆಚ್ಚು ದಿಗಿಲು. ನೋಡಲು ಬಿಡದಿದ್ದರೆ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತದೆ ಅಲ್ವಾ?

ನಿನಗೇನು ಹೇಳಲಿ? ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಸುದ್ದಿ ನೋಡಬೇಡ. ಭಾರತದ ಕಾನ್ಸುಲೇಟ್ ನಂಬರನ್ನು ಒಂದು ಕಾಗದದ ಮೇಲೂ ಬರೆದಿಟ್ಟುಕೋ. ನಾಲ್ಕು ದಿನಕ್ಕಾಗುವಷ್ಟು ಅಕ್ಕಿ, ಬೇಳೆ ಇರಲಿ. ಇಷ್ಟು ದೊಡ್ಡ ಭಯಕ್ಕೆ ಇಷ್ಟೇನಾ ಅಂದುಕೊಳ್ಳುತ್ತೀಯೇನೋ. ನನ್ನ ಹತ್ತಿರ ಇರುವುದೇ ಇಷ್ಟು. ನಿನ್ನ ತರಗತಿಯಲ್ಲಿ ರಷ್ಯಾದ ಹುಡುಗಿಯೊಬ್ಬಳು ಇದ್ದಾಳೆ, ಮಾತಾಡಿಸಲು ಹಿಂಜರಿಕೆ ಅಂತ ಬರೆದಿದ್ದೀಯ. ಮಾತಾಡಿಸು. ಅವಳಿಗೂ ರಾತ್ರಿ ನಿದ್ದೆ ಬರುತ್ತದಾ ಅಂತ ಕೇಳು.

ಅವಳು ಏನಂದಳು ಅಂತ ನನಗೆ ಬರೆ. ಕಾಯುತ್ತಿರುತ್ತೇನೆ.

ನಿನ್ನ,
ದೊಡ್ಡಪ್ಪ