ಮದುಮಗಳನ್ನು ಮತ್ತೆ ಕೈಗೆತ್ತಿಕೋ ಅಕ್ಕ

ಲೀಡ್ಸ್

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಅಮ್ಮನಿಗೂ ಭಾವನಿಗೂ ನಮಸ್ಕಾರ ಹೇಳು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನೂರು ಪುಟ ಓದುವಷ್ಟರಲ್ಲಿ ಯಾರು ಯಾರೆಂದೇ ತಿಳಿಯದೆ ಮುಚ್ಚಿಟ್ಟೆ ಅಂತ ಬರೆದಿದ್ದೀಯಲ್ಲ, ಮೊದಲು ಅದಕ್ಕೇ ಉತ್ತರ.

ಕಾದಂಬರಿ ತೆರೆದ ಕೂಡಲೇ ನಾಯಕ ಯಾರು ಅಂತ ಹುಡುಕುವುದು ನಮಗೆಲ್ಲ ಅಭ್ಯಾಸ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಟರೆ ಇವನೇ ಇರಬೇಕು ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಕಥೆ ಅವನನ್ನು ದಾರಿಯಲ್ಲೇ ಬಿಟ್ಟು ಇನ್ಯಾರದೋ ಜಗಲಿ ಹತ್ತಿರುತ್ತದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಆರಂಭದಲ್ಲೇ ಹೇಳಿದ್ದನ್ನು ಬರೀ ತತ್ವ ಅಂದುಕೊಂಡರೆ ಎಡವುತ್ತೇವೆ. ಪುಸ್ತಕ ಕಟ್ಟಿರುವುದೇ ಹಾಗೆ.

ಆದ್ದರಿಂದ ಜನರ ಪಟ್ಟಿ ಮಾಡಬೇಡ, ಮನೆಗಳದ್ದು ಮಾಡು. ಒಂದು ದೊಡ್ಡ ಹಾಳೆಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಅಂತ ದೂರದೂರಕ್ಕೆ ಬರೆದುಕೋ. ಸಿಂಬಾವಿಯ ಕೆಳಗೆ ಭರಮೈಹೆಗ್ಗಡೆ, ಗುತ್ತಿ, ಬೆಟ್ಟಳ್ಳಿಗೆ ತಿಮ್ಮಿ, ಕೋಣೂರಿಗೆ ಮುಕುಂದಯ್ಯ, ಐತ, ಪೀಂಚಲು, ಹೂವಳ್ಳಿಗೆ ಚಿನ್ನಮ್ಮ. ಆಮೇಲೆ ಯಾರಿಗೆ ಯಾರ ಮೇಲೆ ಮನಸ್ಸು ಅನ್ನುವುದಕ್ಕೊಂದು ಗೆರೆ, ಹಿರಿಯರು ಯಾರಿಗೆ ಗೊತ್ತುಮಾಡಿದ್ದಾರೆ ಅನ್ನುವುದಕ್ಕೆ ಬೇರೆ ಬಣ್ಣದ ಗೆರೆ. ಎರಡು ಗೆರೆ ಒಂದನ್ನೊಂದು ಕತ್ತರಿಸುವ ಕಡೆಯೆಲ್ಲ ಕಥೆ ಬಿಸಿಯೇರುತ್ತದೆ. ಚಿನ್ನಮ್ಮನ ಹತ್ತಿರ ಆ ಗಂಟು ಎಷ್ಟು ಬಿಗಿ ಅಂತ ನಿನಗೇ ಕಾಣುತ್ತದೆ.

ಮೊದಲ ವಾರ ದಿನಕ್ಕೆ 20 ಪುಟ ಸಾಕು. ಮಾತುಕತೆ ಬಂದಲ್ಲಿ ಗಟ್ಟಿಯಾಗಿ ಓದು; ಹಳೆಯ ತೀರ್ಥಹಳ್ಳಿ ಸೀಮೆಯ ಮಾತು ಕಣ್ಣಿಗೆ ಒರಟಾಗಿ ಕಂಡರೂ ಕಿವಿಗೆ ಸಲೀಸಾಗಿ ಇಳಿಯುತ್ತದೆ. ಪದ ಗೊತ್ತಾಗದಿದ್ದರೆ ನಿಲ್ಲಬೇಡ, ಮುಂದೆ ಹೋಗು. ಕಾಡಿನ ವರ್ಣನೆ ಹಾರಿಸಿದರೆ ಮಾತ್ರ ನಷ್ಟ ನಿನಗೇ. ಅಲ್ಲಿ ಮಳೆ, ಇಂಬಳ (ಜಿಗಣೆ), ಗುಡ್ಡದ ಏರು ಎಲ್ಲವೂ ಒಬ್ಬೊಬ್ಬರು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತಾರೆ ಅನ್ನುವುದನ್ನು ತೀರ್ಮಾನ ಮಾಡುತ್ತವೆ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಕಾದಂಬರಿ ನನಗೆ ಕಂಡಿಲ್ಲ.

ಭಾವ ಕೇಳಿದ್ದ 'ಹಾರ್ಟ್ ಲ್ಯಾಂಪ್' ಬಗ್ಗೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಆ ಸಂಕಲನದಲ್ಲಿ ಬಾನು ಮುಷ್ತಾಕ್ ಅವರ 12 ಕಥೆಗಳಿವೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತರುವಾಗ ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ನನಗೆ ಅದು ಸರಿಯೆನಿಸಿತು. ಮನೆಯವರು ಆಡುವ ಮಾತಿಗೆ ಪರಕೀಯ ಅಂತ ಚೀಟಿ ಅಂಟಿಸಬಾರದು. ಆದರೆ ಒಂದೇ ಬೈಠಕ್ಕಿಗೆ ಓದಬಾರದು. ಓದಿದರೆ ಗಂಡಂದಿರೆಲ್ಲ ಒಬ್ಬನೇ ಅನ್ನಿಸಿ, ಕಥೆಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ದಿನಕ್ಕೊಂದು ಸಾಕು. ಸಂಕಲನಕ್ಕೆ ಹೆಸರು ಕೊಟ್ಟ ಕಥೆ 'ಎದೆಯ ಹಣತೆ'ಯನ್ನು ಭಾವ ಮೊದಲು ಕನ್ನಡದಲ್ಲೇ ಓದಲಿ. ತವರೂ ಕೈಬಿಟ್ಟ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ಅಲ್ಲಿ ಲೇಖಕಿ ಒಂದು ಮಾತೂ ಉಪದೇಶ ಹೇಳುವುದಿಲ್ಲ.

ಪುಟ್ಟಿಗೆ ತೇಜಸ್ವಿಯವರ 'ಕರ್ವಾಲೊ' ಕೊಡಿಸು. 1980ರದ್ದು, ಈಗಲೂ ತಾಜಾ. ಅದರಲ್ಲಿ ಹಾರುವ ಓತಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಹಳ್ಳಿ ಹುಡುಗ ಮಂದಣ್ಣ; ಪರೀಕ್ಷೆಗೆ ಓದಿ ಓದಿ ಬೇಸತ್ತ ಮಕ್ಕಳಿಗೆ ಇದು ಗೊತ್ತಾಗಬೇಕು. ಕೊನೆ ಏನಾಗುತ್ತದೆ ಅಂತ ನೀನು ಬಾಯಿಬಿಡಬೇಡ.

ಮದುಮಗಳ ಹಾಳೆ ತಯಾರಾದ ಮೇಲೆ ಫೋಟೊ ಕಳಿಸು. ಹಳೆಮನೆಯನ್ನು ಎಲ್ಲಿಟ್ಟೆ ಅಂತ ನೋಡಬೇಕು.

ಇಂತಿ,
ನಿನ್ನ ತಮ್ಮ