ಗೇಟಿನ ತನಕ ಹೋದವಳಿಗೆ

ಗದಗ
ಭಾನುವಾರ ರಾತ್ರಿ

ಚಿ. ಮಗಳಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಮನೆಯ ಸುದ್ದಿಯನ್ನು ನಿಮ್ಮವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯ ಸಾಲು ನನಗೆ ನಿದ್ದೆ ಕೊಡುತ್ತಿಲ್ಲ. "ಗೇಟಿನ ತನಕ ಹೋಗಿ ತಿರುಗಿ ಬಂದೆ ಕಾಕಾ. ಧೈರ್ಯ ಅನ್ನೋದು ನಮ್ಮ ರಕ್ತದಾಗ ಇಲ್ಲ ಅನಸ್ತದ."

ಆ ಸಂದರ್ಶನದ ಬೆಳಿಗ್ಗೆಯದನ್ನೆಲ್ಲ ನೀನೇ ಬರೆದಿದ್ದೀಯ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿದ್ದು, ಹುಬ್ಬಳ್ಳಿಗೆ ಹೋಗುವ ದಾರಿಯಲ್ಲೇ ಅಪ್ಪನ ಎರಡು ಫೋನ್ ಬಂದದ್ದು, ವಿದ್ಯಾನಗರದಲ್ಲಿ ಇಳಿದದ್ದು, ಗೇಟಿನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಹುಡುಗಿಯರನ್ನು ನೋಡಿದ್ದು. ಇಷ್ಟೆಲ್ಲ ಬರೆದು ಕೊನೆಗೆ ಎಲ್ಲವನ್ನೂ ಬದಿಗಿಟ್ಟು ರಕ್ತದ ಮೇಲೆ ಹಾಕಿಬಿಟ್ಟೆ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅವರ ಫೀಲ್ಡ್ ಥಿಯರಿ ಪಾಠ ಮಾಡಿದವನು. ಕ್ಷೇತ್ರ ಸಿದ್ಧಾಂತ ಅಂದಾಗ ನಮ್ಮ ಕಡೆಯ ಹುಡುಗರು ಹೊಲ ಅಂದುಕೊಳ್ಳುತ್ತಿದ್ದರು. ಅದು ಹೊಲ ಅಲ್ಲ. ಅಯಸ್ಕಾಂತದ ಸುತ್ತ ಕಣ್ಣಿಗೆ ಕಾಣದ ಒಂದು ಎಳೆತ ಇರುತ್ತದಲ್ಲ, ಆ ಮಾತನ್ನು ಅವರು ಭೌತಶಾಸ್ತ್ರದಿಂದ ಮನಸ್ಸಿನ ಕಡೆಗೆ ತಂದರು. ಮನುಷ್ಯನ ನಡವಳಿಕೆ ಅವನೊಬ್ಬನಿಂದ ಬರುವುದಿಲ್ಲ. ಅವನು ಮತ್ತು ಆ ಹೊತ್ತಿಗೆ ಅವನ ಸುತ್ತ ಅವನಿಗೆ ಕಂಡದ್ದು, ಎರಡೂ ಸೇರಿ ಆಗುತ್ತದೆ. 1936ರ ಪುಸ್ತಕದಲ್ಲಿ ಅವರು ಇದನ್ನು ಒಂದು ಸಣ್ಣ ಸೂತ್ರ ಮಾಡಿ ಬರೆದರು.

ಅವರು ಒಂದು ಮಗುವಿನ ಉದಾಹರಣೆ ಕೊಡುತ್ತಾರೆ. ಸಮುದ್ರದ ದಂಡೆ. ಮೂರು ವರ್ಷದ ಮಗು. ಆಟಿಕೆಯ ಹಂಸ ಅಲೆಗಳಲ್ಲಿದೆ. ಮಗುವಿಗೆ ಹಂಸ ಬೇಕು, ಅಲೆಯ ಹೆದರಿಕೆಯೂ ಇದೆ. ದೂರ ಇದ್ದಾಗ ಆಸೆಯೇ ಜಾಸ್ತಿ, ಹಾಗಾಗಿ ಓಡುತ್ತದೆ. ಹತ್ತಿರ ಹೋದಂತೆ ಹೆದರಿಕೆ ಆಸೆಗಿಂತ ಬೇಗ ಏರುತ್ತದೆ. ಎರಡೂ ಸಮ ಆಗುವ ಜಾಗ ಒಂದು ಇರುತ್ತದೆ. ಮಗು ಅಲ್ಲಿ ನಿಲ್ಲುತ್ತದೆ, ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ.

ನಿನ್ನ ಗೇಟು ಆ ಜಾಗ ನೋಡವಾ. ಆಸೆ ಇಲ್ಲದಿದ್ದರೆ ನೀನು ಬಸ್ಸನ್ನೇ ಹತ್ತುತ್ತಿರಲಿಲ್ಲ ಅಲ್ವಾ? ಗೇಟಿನ ಹತ್ತಿರ ಕಾಲು ನಿಂತಿತು ಅಂದರೆ ಆ ಹೊತ್ತಿಗೆ ಅಲ್ಲಿ ಎರಡು ಬಲ ಜಗ್ಗಾಡಿದವು ಅಂತ ಅರ್ಥ. ಹುಟ್ಟಿನಿಂದ ಬಂದದ್ದು ಏನೂ ಇಲ್ಲ ಅಂತ ಲೆವಿನ್ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅದೊಂದೇ ಅಲ್ಲ.

ಈಗ ನನ್ನ ಮಾತು. ಇದನ್ನು ಬರೆಯಲು ನಾಲ್ಕು ದಿನ ಬೇಕಾಯಿತು. ಆ ರಕ್ತದ ಮಾತು ನಿನ್ನದಲ್ಲ, ನನ್ನದು. ನಿಮ್ಮಪ್ಪ ಆ ಕೆಲಸ ಬಿಟ್ಟು ಬಂದ ವರ್ಷ ನಾನು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಎದುರು ಅಂದಿದ್ದೆ, ಧೈರ್ಯ ನಮ್ಮ ಮನೆತನದ ರಕ್ತದಲ್ಲೇ ಇಲ್ಲ ಅಂತ. ನೀನು ಆಯಿಯ ಹತ್ತಿರ ಕೂತು ಶೇಂಗಾ ಸುಲಿಯುತ್ತಿದ್ದೆ. ನಿನಗೆ ಏಳೋ ಎಂಟೋ ವರ್ಷ. ಸಣ್ಣ ಹುಡುಗಿಗೆ ಏನು ತಿಳಿಯುತ್ತದೆ ಅಂದುಕೊಂಡೆ.

ಆ ವಾರವೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಆ ಸೂತ್ರ ಬರೆದಿರಬೇಕು ನಾನು. ಹುಡುಗರಿಗೆ ಹೇಳಿದೆ, ಒಬ್ಬನ ನಡವಳಿಕೆ ತಿಳಿಯಬೇಕಾದರೆ ಅವನಿಗೆ ಆ ಹೊತ್ತು ಹೇಗೆ ಕಂಡಿತು ಅಂತ ಕೇಳಿ ಅಂತ. ನನ್ನ ಅಣ್ಣನನ್ನು ಕೇಳಲಿಲ್ಲ. ಅಲ್ಲಿ ಅವನಿಗೆ ಯಾರು ಏನು ಅಂದರು, ಹಿಂದಿನ ರಾತ್ರಿ ಏನಾಗಿತ್ತು, ಒಂದನ್ನೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಅವನು ನಿನಗೆ ಅಷ್ಟು ಸಲ ಫೋನ್ ಮಾಡುವುದಕ್ಕೆ ನನ್ನ ಆ ಮಾತೂ ಒಂದು ಕಾರಣ ಇರಬಹುದು ಅಂತ ಈಗ ಹೆದರಿಕೆಯಾಗುತ್ತದೆ.

ಲೆವಿನ್ ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. 1917ರಲ್ಲಿ ಅದರ ಬಗ್ಗೆ ಒಂದು ಲೇಖನ ಬರೆದರು. ಶಾಂತಿಯ ದಿನಗಳಲ್ಲಿ ನೆಲ ಎಲ್ಲ ಕಡೆಗೂ ಒಂದೇ ರೀತಿ ಹರಡಿಕೊಂಡಿರುತ್ತದೆ. ಯುದ್ಧದ ಸಾಲಿಗೆ ಹತ್ತಿರ ಬಂದಂತೆ ಅದೇ ನೆಲಕ್ಕೆ ಒಂದು ಮುಂದು, ಒಂದು ಹಿಂದು ಹುಟ್ಟುತ್ತದೆ. ಆ ಸಾಲಿನಾಚೆ ಏನೂ ಇಲ್ಲ ಅನ್ನಿಸುತ್ತದೆ. ಯುದ್ಧ ಮುಂದೆ ಸರಿದ ಮೇಲೆ ಅದು ಮತ್ತೆ ಬರೀ ಹೊಲ, ಬರೀ ಊರು. ನಿನ್ನ ಗೇಟೂ ಹಾಗೇ ಇರಬಹುದು, ಅದನ್ನು ರಜೆಯ ದಿನ ಒಮ್ಮೆ ನೋಡಿ ಬಂದರೆ ಹೇಗೆ? ಸುಮ್ನೆ. ಒಳಗೆ ಹೋಗುವುದೂ ಬೇಡ. ನನಗೆ ತೋಚಿದ್ದು ಹೇಳಿದೆ, ಸರಿ ಕಾಣದಿದ್ದರೆ ಬಿಡು.

ಇನ್ನೊಂದು ಅವರ ಮಾತು ನಿನಗೆ ಬೇಕು. ಹಿಂದೆ ಆದದ್ದು ತಾನಾಗಿ ಇವತ್ತಿನ ನಡೆಯನ್ನು ತಳ್ಳುವುದಿಲ್ಲ. ಅದು ಈಗ ನಿನ್ನ ಮನಸ್ಸಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಕೆಲಸ ಮಾಡುತ್ತದೆ. ಹಾಗಾದರೆ ಆ ಬೆಳಿಗ್ಗೆ ಗೇಟಿನ ಹತ್ತಿರ ಇದ್ದದ್ದು ನಮ್ಮ ರಕ್ತವಲ್ಲ, ಕಟ್ಟೆಯ ಮೇಲಿನ ನನ್ನ ಮಾತು. ಅದನ್ನು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ತಡವಾಯಿತು, ಗೊತ್ತು.

ಜೋರಾಗಿ ತಳ್ಳಿದರೆ ಮನಸ್ಸಿನ ಬಿಗಿತವೂ ಏರುತ್ತದೆ, ತಡೆಯುವುದನ್ನು ಒಂದಿಷ್ಟು ಸಡಿಲ ಮಾಡಬೇಕು ಅಂತಲೂ ಅವರು ಬರೆದಿದ್ದಾರೆ. ಸಂದರ್ಶನದ ದಿನ ಫೋನ್ ಮಾಡಬೇಡ ಅಂತ ಅಪ್ಪನಿಗೆ ನಾನೇ ಹೇಳುತ್ತೇನೆ. ನಾಳೆ ಅವನ ಹತ್ತಿರ ಹೋಗುವುದಿದೆ. ಆ ಹಳೆಯ ಮಾತನ್ನೂ ಕೇಳುತ್ತೇನೆ, ಅವನು ಹೇಳಿದರೆ. ಆ ಇಂಗ್ಲಿಷ್ ಹುಡುಗಿಯರ ಬಗ್ಗೆ ಏನು ಹೇಳಬೇಕೋ ನನಗೆ ತಿಳಿಯದು. ಊಟ ಮಾತ್ರ ಬಿಡಬೇಡ, ಅವತ್ತು ಬರೀ ಚಹಾ ಕುಡಿದು ಹೋಗಿದ್ದೆ ಅಂತ ಬರೆದಿದ್ದೀಯ.

ಮುಂದಿನ ಸಲ ಕರೆ ಬಂದಾಗ ನನಗೆ ದಿನ ತಿಳಿಸು. ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬರುತ್ತೇನೆ. ಬೇಕಾದರೆ ಗೇಟಿನ ತನಕ ಜೊತೆಗೆ ನಡೆಯುತ್ತೇನೆ. ಬೇಡ ಅಂದರೆ ವಿದ್ಯಾನಗರದ ಬಸ್ ಸ್ಟಾಪಿನಲ್ಲೇ ಕೂತಿರುತ್ತೇನೆ. ನೀನು ಬೇಗ ತಿರುಗಿ ಬಂದರೂ ನಾನು ಅಲ್ಲೇ ಇರುತ್ತೇನೆ, ಏನೂ ಕೇಳುವುದಿಲ್ಲ.

ನಿನ್ನ ಕಾಕಾ